ಬೆಂಗಳೂರು ಎಷ್ಟು ದೂರ? ಎಷ್ಟು ಹೊತ್ತು?

ಬೀದರದ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ಊರಿಗೆ ಹೊಂದಿಕೊಂಡೇ ವಾಯುಪಡೆಯ ತರಬೇತಿ ನೆಲೆ ಇದೆ. ಆಕಾಶದಲ್ಲಿ ಕಸರತ್ತು ತೋರಿಸಿ ದೇಶದ ಮನ ಗೆದ್ದ ‘ಸೂರ್ಯಕಿರಣ’ ತಂಡ 1996ರಲ್ಲಿ ಹುಟ್ಟಿದ್ದೇ ಇಲ್ಲಿ. ‘ಹಾಕ್’ ಎಂಬ ಜೆಟ್ ತರಬೇತಿ ವಿಮಾನಗಳು 2008ರಲ್ಲಿ ವಾಯುಪಡೆ ಸೇರಿದ್ದೂ ಇಲ್ಲಿಯೇ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ನಡೆಯುತ್ತಿರುವಾಗ ತಲೆಯ ಮೇಲೆ ವಿಮಾನ ಹಾರಿ ಹೋದರೆ ಇಲ್ಲಿಯ ಮಕ್ಕಳು ಕತ್ತೆತ್ತಿ ನೋಡುವುದೂ ಅಪರೂಪ.

ಆದರೆ ನೋಡುವುದು ಬೇರೆ, ಹತ್ತಿ ಕುಳಿತುಕೊಳ್ಳುವುದು ಬೇರೆ. ಸಾಮಾನ್ಯ ಪ್ರಯಾಣಿಕರು ಬೀದರದಲ್ಲಿ ವಿಮಾನ ಹತ್ತಿ ಬೆಂಗಳೂರಿನಲ್ಲಿ ಇಳಿಯುವ ದಿನ ಬಂದದ್ದು 2020ರ ಫೆಬ್ರುವರಿ 7ರಂದು. ಅಂದಿನಿಂದ ಒಂದು ಪ್ರಶ್ನೆ ಬೀದರ, ಭಾಲ್ಕಿ, ಔರಾದದ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಬೆಂಗಳೂರು ಇಲ್ಲಿಂದ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು?

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಕೇಳಿದಲ್ಲೆಲ್ಲ ಬೇರೆ ಬೇರೆ. ಬಸ್ ನಿಲ್ದಾಣದಲ್ಲಿ ಕೇಳಿದರೆ ‘ಸುಮಾರು 700 ಕಿಲೋಮೀಟರ್’ ಎನ್ನುತ್ತಾರೆ. ರೈಲಿನ ಟಿಕೆಟ್ಟಿನ ಮೇಲೆ ಇನ್ನೊಂದು ಅಂಕಿ ಇರುತ್ತದೆ. ವಿಮಾನ ನಡೆಸುವ ಪೈಲಟ್ ‘282’ ಎಂದುಬಿಡಬಹುದು! ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ರಸ್ತೆಯನ್ನು ಅಳೆದರು, ಇನ್ನೊಬ್ಬರು ಹಳಿಯನ್ನು ಅಳೆದರು, ಪೈಲಟ್ ಭೂಮಿಯನ್ನು ಅಳೆದ. ಹೀಗಾಗಿ ‘ಎಷ್ಟು ದೂರ’ ಎಂದು ಕೇಳುವವರು ‘ಯಾವ ದೂರ’ ಎಂದೂ ಕೇಳಬೇಕಾಗುತ್ತದೆ. ವಿಜ್ಞಾನದ ಮೊದಲ ಪಾಠವೇ ಇದು.

ಭೂಮಿಯೇ ಅಳತೆಗೋಲು

ಪೈಲಟ್ ಹೇಳಿದ 282 ಎಲ್ಲಿಂದ ಬಂತು? ಶಾಲೆಯ ಅಟ್ಲಾಸ್ ತೆರೆದರೆ ಉತ್ತರ ಸಿಗುತ್ತದೆ. ಬೀದರ ವಿಮಾನ ನಿಲ್ದಾಣದ ಅಕ್ಷಾಂಶ ಸುಮಾರು 17 ಡಿಗ್ರಿ 54 ನಿಮಿಷ ಉತ್ತರ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯ ಅಕ್ಷಾಂಶ ಸುಮಾರು 13 ಡಿಗ್ರಿ 12 ನಿಮಿಷ ಉತ್ತರ. ಇಲ್ಲಿ ‘ನಿಮಿಷ’ ಎಂದರೆ ಗಡಿಯಾರದ ನಿಮಿಷವಲ್ಲ. ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು. ಎರಡರ ವ್ಯತ್ಯಾಸ 4 ಡಿಗ್ರಿ 42 ನಿಮಿಷ. ಡಿಗ್ರಿಯನ್ನೂ ನಿಮಿಷಕ್ಕೆ ಇಳಿಸಿದರೆ 4ನ್ನು 60ರಿಂದ ಗುಣಿಸಿ 240, ಅದಕ್ಕೆ 42 ಕೂಡಿಸಿದರೆ 282.

ಹಡಗು ಮತ್ತು ವಿಮಾನಗಳ ಲೋಕದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ. ಅಕ್ಷಾಂಶದ ಒಂದು ನಿಮಿಷಕ್ಕೆ ಭೂಮಿಯ ಮೇಲೆ ಎಷ್ಟು ದೂರವೋ ಅದೇ ಒಂದು ನಾಟಿಕಲ್ ಮೈಲಿ. ಅಂದರೆ 1.852 ಕಿ.ಮೀ. ಹೀಗಾಗಿ 282 ನಿಮಿಷವೆಂದರೆ 282 ನಾಟಿಕಲ್ ಮೈಲಿ. ಅದನ್ನು 1.852ರಿಂದ ಗುಣಿಸಿದರೆ 522 ಕಿ.ಮೀ. ರಸ್ತೆಯ ದೂರಕ್ಕಿಂತ ಸುಮಾರು 180 ಕಿ.ಮೀ. ಕಡಿಮೆ.

ಲೆಕ್ಕ ಇಷ್ಟು ಸುಲಭವಾದದ್ದಕ್ಕೆ ಒಂದು ಕಾರಣವಿದೆ. ಬೀದರ ಮತ್ತು ಬೆಂಗಳೂರು ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ. ಬೀದರ ನಿಲ್ದಾಣ 77 ಡಿಗ್ರಿ 29 ನಿಮಿಷ ಪೂರ್ವದಲ್ಲಿದ್ದರೆ ದೇವನಹಳ್ಳಿ 77 ಡಿಗ್ರಿ 42 ನಿಮಿಷದಲ್ಲಿದೆ. ಅಂದರೆ ಬೀದರದಿಂದ ನೇರ ದಕ್ಷಿಣಕ್ಕೆ ಹೊರಟವರು ಕೊನೆಗೆ ಪೂರ್ವಕ್ಕೆ ಸುಮಾರು 23 ಕಿ.ಮೀ. ಸರಿದರೆ ಸಾಕು. ಈ 23 ಕಿ.ಮೀ. ಅನ್ನು 522ಕ್ಕೆ ಹಾಗೆಯೇ ಕೂಡಿಸಬಾರದು. ಒಂಬತ್ತು, ಹತ್ತನೆಯ ತರಗತಿಯವರು ಪೈಥಾಗೊರಸ್ ಪ್ರಮೇಯ ಹಾಕಿ ನೋಡಲಿ. 522ರ ವರ್ಗ, 23ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ದೂರ ಕೇವಲ ಅರ್ಧ ಕಿ.ಮೀ. ಹೆಚ್ಚುತ್ತದೆ! ಉದ್ದದ ದಾರಿಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದರೆ ಆಗುವ ನಷ್ಟ ಇಷ್ಟೇ.

ಅಳೆದವರು ಇಲ್ಲೇ ಓಡಾಡಿದ್ದರು

ಅಟ್ಲಾಸಿನ ಈ ಅಂಕಿಗಳು ತಾವಾಗಿ ಬಂದವಲ್ಲ. ಅವುಗಳ ಹಿಂದಿನ ದುಡಿಮೆಯಲ್ಲಿ ಬೀದರದ ನೆಲಕ್ಕೂ ಪಾಲಿದೆ ಎಂಬುದು ಜಿಲ್ಲೆಯ ಬಹಳ ಮಂದಿಗೆ ತಿಳಿದಿರಲಾರದು.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದ್ರಾಸಿನಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಕೈಹಚ್ಚಿದ. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ, 78ನೆಯ ರೇಖಾಂಶದ ಅಕ್ಕಪಕ್ಕದಲ್ಲೇ, ತ್ರಿಕೋನಗಳ ಸರಪಳಿ ಹೆಣೆಯುತ್ತ ಹೋದ. ಆ ಸರಪಳಿ ಬೆಂಗಳೂರನ್ನು ದಾಟಿ, 1815ರಲ್ಲಿ ಬೀದರಕ್ಕೆ ಸಮೀಪದ ದಾಮರಗಿದ್ದದವರೆಗೆ ಬಂತು. ಅಲ್ಲಿ ನೆಲದ ಮೇಲೆ ಸರಪಳಿ ಹಾಸಿ ಒಂದು ಆಧಾರ ರೇಖೆಯನ್ನು ಅಳೆದರು. ಬೆಂಗಳೂರಿನ ಕೇಂದ್ರಕ್ಕೂ ಈ ಕೇಂದ್ರಕ್ಕೂ ಅಕ್ಷಾಂಶದಲ್ಲಿ ಇದ್ದ ವ್ಯತ್ಯಾಸ ಸುಮಾರು 5 ಡಿಗ್ರಿ. ಇಂದು ವಿಮಾನ ಹಾರುವ ದಾರಿಯನ್ನೇ ಇನ್ನೂರು ವರ್ಷಗಳ ಹಿಂದೆ ಕಾಲ್ನಡಿಗೆಯವರು ಬೆಟ್ಟದಿಂದ ಬೆಟ್ಟಕ್ಕೆ ನೋಡುತ್ತ ಅಳೆದಿದ್ದರು ಎನ್ನಬಹುದು.

ಅಷ್ಟಕ್ಕೇ ನಿಲ್ಲಲಿಲ್ಲ. ಲ್ಯಾಂಬ್ಟನ್ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಈ ಕೆಲಸ ಮುಂದುವರಿಸಿದ. ಹಳೆಯ ಅಳತೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲು 1841ರಲ್ಲಿ ಬೀದರದಲ್ಲಿ ಏಳೆಂಟು ಮೈಲಿ ಉದ್ದದ ಆಧಾರ ರೇಖೆಯನ್ನು ಹೊಸದಾಗಿ ಅಳೆಯಲಾಯಿತು. ಈ ಬಾರಿ ಸರಪಳಿಯ ಬದಲು ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮಾಡಿದ ಸಾಧನ ಬಳಸಿದರು. ಬಿಸಿಲಿಗೆ ಲೋಹ ಹಿಗ್ಗುತ್ತದೆ. ಅಳತೆಗೋಲೇ ಹಿಗ್ಗಿದರೆ ಅಳತೆಯೂ ತಪ್ಪುತ್ತದೆ. ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನೇ ಬಳಸಿಕೊಂಡು, ಎರಡು ಗುರುತುಗಳ ನಡುವಿನ ಅಂತರ ಬದಲಾಗದಂತೆ ಮಾಡಿದ್ದರು. ಬೀದರದ ಬಿಸಿಲಿನಲ್ಲಿ ಇಂಥ ಉಪಾಯ ಬೇಕಾದದ್ದು ಸಹಜವೇ. ಶಾಲೆಯ ಪುಸ್ತಕದಲ್ಲಿ ‘ಘನವಸ್ತುಗಳ ವ್ಯಾಕೋಚನ’ ಎಂದು ಓದಿ ಮರೆಯುವ ಪಾಠ ಒಂದು ದೇಶದ ನಕ್ಷೆಯನ್ನೇ ತಿದ್ದಬಲ್ಲದು!

ನೇರ ದೂರದಿಂದ ಬಂದ ತೊಡಕು

ನೇರ ದೂರ ಬರಿಯ ಪರೀಕ್ಷೆಯ ಲೆಕ್ಕವೇ? ಅಲ್ಲ. ಬೀದರದ ಜನ ವಿಮಾನಕ್ಕಾಗಿ ಕಾಯಬೇಕಾಗಿ ಬಂದ ಕಾರಣಗಳಲ್ಲಿ ಈ ದೂರವೂ ಒಂದು.

ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ 2008ರ ಮಾರ್ಚ್‌ನಲ್ಲಿ ಆರಂಭವಾಯಿತು. ಅದನ್ನು ಕಟ್ಟಲು 2004ರಲ್ಲಿ ಆದ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ನಿಲ್ದಾಣ ತೆರೆದ ಮೇಲೆ 25 ವರ್ಷಗಳವರೆಗೆ, ಅದರಿಂದ 150 ಕಿ.ಮೀ. ವೈಮಾನಿಕ ದೂರದೊಳಗೆ ಇನ್ನೊಂದು ಪ್ರಯಾಣಿಕ ವಿಮಾನ ನಿಲ್ದಾಣ ಬೆಳೆಯಬಾರದು ಎಂಬುದು ಅದರ ಸಾರಾಂಶ. ಬೀದರದಿಂದ ಶಂಶಾಬಾದಿಗೆ ರಸ್ತೆಯಲ್ಲಿ ಹೋದರೆ ಸುಮಾರು 150 ಕಿ.ಮೀ. ಆಗುತ್ತದೆ. ಆದರೆ ಒಪ್ಪಂದದಲ್ಲಿ ಬರೆದದ್ದು ರಸ್ತೆಯ ದೂರವಲ್ಲ, ವೈಮಾನಿಕ ದೂರ. ಅದು ಎಷ್ಟು?

ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಶಂಶಾಬಾದ್ ನಿಲ್ದಾಣ 17 ಡಿಗ್ರಿ 14 ನಿಮಿಷ ಉತ್ತರ, 78 ಡಿಗ್ರಿ 26 ನಿಮಿಷ ಪೂರ್ವದಲ್ಲಿದೆ. ಬೀದರಕ್ಕೂ ಅದಕ್ಕೂ ಅಕ್ಷಾಂಶದಲ್ಲಿ 40 ನಿಮಿಷ ವ್ಯತ್ಯಾಸ; ಅಂದರೆ 74 ಕಿ.ಮೀ. ರೇಖಾಂಶದಲ್ಲಿ 57 ನಿಮಿಷ ವ್ಯತ್ಯಾಸ. ಇಲ್ಲಿ ಒಂದು ಎಚ್ಚರಿಕೆ ಬೇಕು. ರೇಖಾಂಶಗಳು ಸಮಭಾಜಕ ವೃತ್ತದಿಂದ ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಮಡಕೆಯ ಮೇಲಿನ ಪಟ್ಟೆಗಳು ಬಾಯಿಯ ಹತ್ತಿರ ಕೂಡಿಕೊಂಡಂತೆ. ಆದ್ದರಿಂದ ರೇಖಾಂಶದ ಒಂದು ನಿಮಿಷ ಎಲ್ಲ ಕಡೆಯೂ 1.852 ಕಿ.ಮೀ. ಇರುವುದಿಲ್ಲ. ಅದನ್ನು ಆ ಸ್ಥಳದ ಅಕ್ಷಾಂಶದ ‘ಕಾಸ್’ ಬೆಲೆಯಿಂದ ಗುಣಿಸಬೇಕು. ಬೀದರದ ಸೀಮೆಯಲ್ಲಿ ಅದು ಸುಮಾರು 0.95. ಹಾಗಾಗಿ ಇಲ್ಲಿ ರೇಖಾಂಶದ ಒಂದು ನಿಮಿಷವೆಂದರೆ 1.76 ಕಿ.ಮೀ.; 57 ನಿಮಿಷವೆಂದರೆ ಸುಮಾರು 100 ಕಿ.ಮೀ.

74ರ ವರ್ಗಕ್ಕೆ 100ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 125 ಕಿ.ಮೀ. ಸಿಗುತ್ತದೆ. 150ರ ಗೆರೆಯ ಒಳಗೇ! ಬೀದರದಲ್ಲಿ ವಾಯುಪಡೆಯ ಓಡುದಾರಿ ಇದ್ದೂ ಪ್ರಯಾಣಿಕರ ವಿಮಾನ ಬಾರದಿದ್ದ ವರ್ಷಗಳಲ್ಲಿ ಈ ಅಂಕಿಯ ಮಾತು ಮತ್ತೆ ಮತ್ತೆ ಬರುತ್ತಿತ್ತು. ಕೊನೆಗೆ ಸಣ್ಣ ಊರುಗಳಿಗೆ ವಿಮಾನ ಸೌಕರ್ಯ ಕೊಡುವ ‘ಉಡಾನ್’ ಯೋಜನೆಯಡಿ 2020ರಲ್ಲಿ ದಾರಿ ತೆರೆಯಿತು. ‘ಯಾವ ದೂರ’ ಎಂಬ ಒಂದು ಪದ ಒಪ್ಪಂದದಲ್ಲಿ ಹೇಗಿದೆ ಎಂಬುದರ ಮೇಲೆ ಒಂದು ಜಿಲ್ಲೆಯ ಅನುಕೂಲ ನಿಂತಿತ್ತು. ಪೈಥಾಗೊರಸ್ ಪ್ರಮೇಯದಿಂದ ಬದುಕಿಗೆ ಏನು ಉಪಯೋಗ ಎಂದು ಕೇಳುವ ಮಕ್ಕಳಿಗೆ ಪಾಲಕರು ಈ ಉದಾಹರಣೆ ಕೊಡಬಹುದು.

ಗಡಿಯಾರ ಏಕೆ ಒಪ್ಪುವುದಿಲ್ಲ?

ದೂರ ತಿಳಿಯಿತು. ಇನ್ನು ಹೊತ್ತಿನ ಮಾತು. ಬೀದರ–ಬೆಂಗಳೂರು ಮಾರ್ಗದಲ್ಲಿ ಮೊದಲು ಬಂದದ್ದು ಎಟಿಆರ್-72 ಎಂಬ ವಿಮಾನ. ಅದರ ರೆಕ್ಕೆಗಳ ಮೇಲೆ ಪಂಖಗಳು ತಿರುಗುತ್ತವೆ. ವೇಗ ಗಂಟೆಗೆ ಸುಮಾರು 500 ಕಿ.ಮೀ. ಆಮೇಲೆ ಜೆಟ್ ವಿಮಾನಗಳು ಬಂದವು. ಅವುಗಳ ವೇಗ ಗಂಟೆಗೆ ಸುಮಾರು 800 ಕಿ.ಮೀ.

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ. ಇದು ಏಳನೆಯ ತರಗತಿಯ ಲೆಕ್ಕ. 522ನ್ನು 500ರಿಂದ ಭಾಗಿಸಿದರೆ 1 ಗಂಟೆ 3 ನಿಮಿಷ. 800ರಿಂದ ಭಾಗಿಸಿದರೆ 39 ನಿಮಿಷ. ಆದರೆ ವೇಳಾಪಟ್ಟಿಯಲ್ಲಿ ಇಂಥ ದೂರಕ್ಕೆ ಮೊದಲಿನ ಬಗೆಯ ವಿಮಾನಕ್ಕೆ ಒಂದೂವರೆ ಗಂಟೆಯ ಆಸುಪಾಸು, ಜೆಟ್ಟಿಗೆ ಒಂದೂಕಾಲು ಗಂಟೆಯ ಆಸುಪಾಸು ಇಟ್ಟಿರುತ್ತಾರೆ. ಲೆಕ್ಕ ತಪ್ಪಾಯಿತೇ?

ಲೆಕ್ಕ ತಪ್ಪಿಲ್ಲ, ಲೆಕ್ಕಕ್ಕೆ ಕೊಟ್ಟ ಸಂಗತಿಗಳು ಸಾಲವು. ವೇಳಾಪಟ್ಟಿಯ ಹೊತ್ತು ಆಕಾಶದಲ್ಲಿ ಹಾರುವ ಹೊತ್ತಷ್ಟೇ ಅಲ್ಲ. ನಿಂತ ವಿಮಾನ ಉರುಳದಂತೆ ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟಿರುತ್ತಾರೆ. ಅದನ್ನು ತೆಗೆದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಮತ್ತೆ ಅದನ್ನು ಇಡುವ ಕ್ಷಣದವರೆಗಿನ ಹೊತ್ತು ಅದು. ವಿಮಾನ ಎತ್ತಿನ ಬಂಡಿಯಂತೆ ನಿಧಾನವಾಗಿ ನೆಲದ ಮೇಲೆ ಉರುಳುತ್ತ ಓಡುದಾರಿಯ ತುದಿಗೆ ಹೋಗಬೇಕು. ಗಾಳಿಗೆ ಎದುರಾಗಿ ಏರಬೇಕು. ಆದ್ದರಿಂದ ಕೆಲವು ಸಲ ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿಯೇ ಹಾರಿ ಆಮೇಲೆ ತಿರುಗಬೇಕಾಗುತ್ತದೆ. ಮೇಲೇರುವಾಗ ಪೂರ್ತಿ ವೇಗ ಇರುವುದಿಲ್ಲ. ಇಳಿಯುವುದಕ್ಕೆ ಬಹಳ ಮೊದಲೇ ವೇಗ ತಗ್ಗಿಸಬೇಕು. ಬೆಂಗಳೂರಿನಂಥ ದಟ್ಟಣೆಯ ನಿಲ್ದಾಣದಲ್ಲಿ ಇಳಿಯಲು ಸರದಿ ಕಾಯಬೇಕು. ಈ ಎಲ್ಲ ಕೆಲಸಕ್ಕೆ ಅರ್ಧ ಗಂಟೆ ಸುಲಭವಾಗಿ ಹೋಗುತ್ತದೆ. ಈ ಅರ್ಧ ಗಂಟೆ ದೂರವನ್ನು ಅವಲಂಬಿಸಿಲ್ಲ. 500 ಕಿ.ಮೀ. ಹೋದರೂ ಅಷ್ಟೇ, 5,000 ಕಿ.ಮೀ. ಹೋದರೂ ಅಷ್ಟೇ.

ಇದರಿಂದ ಒಂದು ತಿಳಿವಳಿಕೆ ಬರುತ್ತದೆ. ಹತ್ತಿರದ ಊರಿಗೆ ಹೋಗುವಾಗ ವಿಮಾನದ ವೇಗ ಹೆಚ್ಚಿದರೆ ಆಗುವ ಲಾಭ ಕಡಿಮೆ. 800ರ ವೇಗ 500ಕ್ಕಿಂತ ಶೇಕಡಾ 60ರಷ್ಟು ಹೆಚ್ಚು; ಆದರೂ ಬೀದರ–ಬೆಂಗಳೂರಿನ ನಡುವೆ ಉಳಿಯುವುದು ಕಾಲು ಗಂಟೆಯಿಂದ ಇಪ್ಪತ್ತೈದು ನಿಮಿಷ ಮಾತ್ರ. ದೂರದ ನಗರಗಳ ನಡುವೆ ಅದೇ ವ್ಯತ್ಯಾಸ ಹಲವು ಗಂಟೆಗಳಾಗುತ್ತದೆ.

ಗಾಳಿಯ ಪಾತ್ರವೂ ಇದೆ. ಗಂಟೆಗೆ 500 ಕಿ.ಮೀ. ಹಾರುವ ವಿಮಾನಕ್ಕೆ 50 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ವೇಗ 450. ಬೆನ್ನಿಗೆ ಗಾಳಿ ಇದ್ದರೆ 550. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇದ್ದರೆ ಲಾಭ ನಷ್ಟ ಸರಿಹೋಗುತ್ತದೆ ಎಂದು ಅನಿಸುತ್ತದೆ. ಲೆಕ್ಕ ಹಾಕಿದರೆ ಹಾಗಾಗುವುದಿಲ್ಲ. ಹೋಗಲು 70 ನಿಮಿಷ, ಬರಲು 57 ನಿಮಿಷ, ಒಟ್ಟು 127. ಗಾಳಿಯೇ ಇಲ್ಲದಿದ್ದರೆ 125 ಸಾಕಿತ್ತು. ಕಳೆದುಕೊಂಡ ಹೊತ್ತನ್ನು ಗಾಳಿ ಪೂರ್ತಿಯಾಗಿ ತಿರುಗಿ ಕೊಡುವುದಿಲ್ಲ.

ಇಲ್ಲಿ ಜಾಣ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುವುದುಂಟು. ಭೂಮಿ ತಿರುಗುತ್ತಲೇ ಇದೆ. ಬೀದರದ ನೆಲವೇ ಗಂಟೆಗೆ ಸುಮಾರು 1,590 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಹಾಗಿದ್ದರೆ ಹೆಲಿಕಾಪ್ಟರ್ ಮೇಲೇರಿ ಸುಮ್ಮನೆ ನಿಂತರೆ ಪಶ್ಚಿಮದ ಊರುಗಳು ತಾವೇ ಕೆಳಗೆ ಬರಬಾರದೇಕೆ? ಪ್ರಶ್ನೆ ಚೆನ್ನಾಗಿದೆ. ಆದರೆ ನೆಲದ ಜೊತೆ ಗಾಳಿಯ ಹೊದಿಕೆಯೂ ತಿರುಗುತ್ತದೆ. ನೆಲ ಬಿಡುವ ಮೊದಲೇ ಹೆಲಿಕಾಪ್ಟರಿಗೂ ಆ ವೇಗ ಇರುತ್ತದೆ. ಓಡುವ ಬಸ್ಸಿನೊಳಗೆ ಮೇಲಕ್ಕೆಸೆದ ಚೆಂಡು ಎಸೆದವನ ಕೈಗೇ ಬಂದು ಬೀಳುವುದಿಲ್ಲವೇ? ಹಾಗೆಯೇ ಇದು.

ನಕ್ಷೆ ಮಾಡುವ ಮೋಸ

ಬೀದರ–ಬೆಂಗಳೂರಿನ ದೂರಕ್ಕೆ ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೂ ನಡೆಯುತ್ತದೆ. ಭೂಮಿಯ ಆಚೆ ಬದಿಯ ಊರಿಗೆ ಹಾಗೆ ಮಾಡಿದರೆ ನಕ್ಷೆ ಮೋಸ ಮಾಡುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಕರ್ನಾಟಕದ ರಾಜಧಾನಿಗೆ ಬಂದ ಒಂದು ವಿಮಾನವೇ.

2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಎಲ್ಲಿಯೂ ಇಳಿಯದೆ ನೇರವಾಗಿ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗರು; ಪೈಲಟ್‌ಗಳೆಲ್ಲರೂ ಮಹಿಳೆಯರೇ. ಅವರು ಬಂದ ದಾರಿ ಉತ್ತರ ಧ್ರುವದ ಮೇಲಿನದು!

ಅಮೆರಿಕದಿಂದ ಬೆಂಗಳೂರಿಗೆ ಬರುವವರು ಹಿಮದ ನಾಡಿಗೆ ಏಕೆ ಹೋಗಬೇಕು? ಗೋಡೆಯ ನಕ್ಷೆಯಲ್ಲಿ ಶಾಂತಸಾಗರದ ಮೇಲಿಂದ ಒಂದು ಸರಳ ಗೆರೆ ಎಳೆದರೆ ಆಗದೇ? ಆ ಗೆರೆಯನ್ನೇ ಹಿಡಿದು ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಆದರೆ ಗೋಲದ ಮೇಲೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಮಾತ್ರ, ಅದು ಉತ್ತರಧ್ರುವ ವೃತ್ತವನ್ನು ದಾಟಿ ಹೋಗುತ್ತದೆ. ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಕಡೆಯ ಭಾಗಗಳು ಎಳೆದಂತೆ ದೊಡ್ಡದಾಗುತ್ತವೆ. ಹತ್ತಿರದ ದಾರಿ ಸುತ್ತುದಾರಿಯಂತೆ ಕಾಣುತ್ತದೆ. ಈ ಎರಡು ನಗರಗಳು ಭೂಮಿಯ ಹೆಚ್ಚು ಕಡಿಮೆ ಎದುರುಬದಿರು ರೇಖಾಂಶಗಳಲ್ಲಿವೆ. ಮಡಕೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವ ಇರುವೆ ಹೊಟ್ಟೆಯ ಸುತ್ತ ಬಳಸದೆ ತಲೆಯ ಮೇಲಿಂದ ಇಳಿದರೆ ದಾರಿ ಹತ್ತಿರ. ಪೈಲಟ್‌ಗಳು ಗಾಳಿ, ಇಂಧನಗಳ ಲೆಕ್ಕ ಹಾಕಿ ಆ ಹತ್ತಿರದ ದಾರಿಯ ಸುತ್ತಮುತ್ತಲಲ್ಲೇ ತಮ್ಮ ದಾರಿ ಆರಿಸಿಕೊಳ್ಳುತ್ತಾರೆ.

ಮನೆಯಲ್ಲಿ ಗೋಲ ಇಲ್ಲದಿದ್ದರೆ ಒಂದು ದೊಡ್ಡ ಚೆಂಡು ಸಾಕು. ಎರಡು ಚುಕ್ಕೆ ಇಟ್ಟು ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ದಾರ ತಾನೇ ಹತ್ತಿರದ ದಾರಿ ಹಿಡಿಯುತ್ತದೆ. ನಕ್ಷೆಗಿಂತ ದಾರ ಪ್ರಾಮಾಣಿಕ.

ಆ ವಿಮಾನದ ಹೊತ್ತಿನಲ್ಲಿ ಒಂದು ಒಗಟೂ ಇದೆ. ಅದು ಹೊರಡಬೇಕಾಗಿದ್ದದ್ದು ಸ್ಯಾನ್‌ಫ್ರಾನ್ಸಿಸ್ಕೊದ ಗಡಿಯಾರದಲ್ಲಿ ಜನವರಿ 9ರ ರಾತ್ರಿ 8.30ಕ್ಕೆ. ಬೆಂಗಳೂರಿಗೆ ಬಂದದ್ದು ಇಲ್ಲಿಯ ಗಡಿಯಾರದಲ್ಲಿ ಜನವರಿ 11ರ ಬೆಳಗಿನ ಜಾವ 3 ಗಂಟೆಯ ಹೊತ್ತಿಗೆ. ಎಣಿಸಿದರೆ ಮೂವತ್ತೂವರೆ ಗಂಟೆ! ಆದರೆ ಜನವರಿಯಲ್ಲಿ ಭಾರತದ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು 17 ಗಂಟೆ. ಪ್ರಯಾಣಿಕರು ನಿಜವಾಗಿ ಕುಳಿತದ್ದು ಅಷ್ಟೇ ಹೊತ್ತು. ಮಗ ಅಥವಾ ಮಗಳು ಅಮೆರಿಕದಿಂದ ಹೊರಟೆವೆಂದು ಫೋನ್ ಮಾಡಿದಾಗ, ಎರಡು ದಿನ ಕಳೆದರೂ ಮುಟ್ಟಲಿಲ್ಲವೆಂದು ಭಾಲ್ಕಿಯ ಅಜ್ಜಿ ಗಾಬರಿಯಾಗುವ ಕಾರಣವಿಲ್ಲ.

ಮನೆಯಿಂದ ಮನೆಗೆ

ಈಗ ಮತ್ತೆ ಔರಾದಕ್ಕೆ ಬರೋಣ. ರಾಜ್ಯದ ಉತ್ತರದ ತುದಿಯ ಈ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 2 ಗಂಟೆಗೆ ಪ್ರವೇಶದ ಸಂದರ್ಶನವಿದೆ ಎಂದು ಇಟ್ಟುಕೊಳ್ಳೋಣ. ತಂದೆ ವಿಮಾನದ ವೇಳಾಪಟ್ಟಿ ನೋಡುತ್ತಾರೆ. ಒಂದೂಕಾಲು ಗಂಟೆ ಎಂದಿದೆ. ‘ಹನ್ನೆರಡಕ್ಕೆ ಹೊರಟರೂ ಸಾಕಲ್ಲ’ ಎಂದು ಲೆಕ್ಕ ಹಾಕಿದರೆ ಮಗಳ ವರ್ಷವೇ ಕೈಬಿಟ್ಟು ಹೋದೀತು.

ಸರಿಯಾದ ಲೆಕ್ಕ ಹೀಗಿರಬೇಕು. ಔರಾದದಿಂದ ಬೀದರಕ್ಕೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ವಿಮಾನ ಹೊರಡುವುದಕ್ಕೆ ಕನಿಷ್ಠ ಒಂದೂವರೆ ಗಂಟೆ ಮೊದಲು ನಿಲ್ದಾಣ ತಲುಪಬೇಕು. ಪ್ರಯಾಣ ಒಂದೂಕಾಲು ಗಂಟೆ. ಇಳಿದು ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಬೆಂಗಳೂರಿನೊಳಗೆ ಬರಲು ಕಡಿಮೆ ಎಂದರೂ ಒಂದೂಕಾಲು ಗಂಟೆ. ಒಟ್ಟು ಐದೂ ಮುಕ್ಕಾಲು ಗಂಟೆ. ಅದರಲ್ಲಿ ವಿಮಾನದ ಪಾಲು ಐದರಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಬೀದರದಿಂದ ವಿಮಾನ ಇಲ್ಲದಿದ್ದರೆ? ಅದೇ ಹುಡುಗಿ ಹೈದರಾಬಾದಿನ ನಿಲ್ದಾಣಕ್ಕೆ ರಸ್ತೆಯಲ್ಲಿ ಹೋಗಬೇಕು. ಅದಕ್ಕೆ ಮೂರೂವರೆ ಗಂಟೆ ಸೇರಿಸಿದರೆ ಒಟ್ಟು ಒಂಬತ್ತೂಕಾಲು ಗಂಟೆ. ಅದೂ ಬೇಡವೆಂದರೆ ಒಂದು ಇಡೀ ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕುಳಿತು, ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಸಂದರ್ಶನದ ಕೋಣೆಗೆ ಹೋಗಬೇಕು. ಬೆಂಗಳೂರಿನ ಹುಡುಗಿ ಮನೆಯಲ್ಲಿ ಉಂಡು ಬರುತ್ತಾಳೆ. ಇಬ್ಬರಿಗೂ ಒಂದೇ ಪ್ರಶ್ನೆ, ಒಂದೇ ಅಂಕ.

ಇದು ಬರಿಯ ಊಹೆಯ ಮಾತಲ್ಲ. 2020ರಲ್ಲಿ ಆರಂಭವಾದ ಬೀದರದ ವಿಮಾನ ಸೇವೆ ಆಮೇಲೆ ನಿಂತಿತು. 2022ರ ಜೂನ್‌ನಲ್ಲಿ ಮತ್ತೆ ಆರಂಭವಾಯಿತು. 2023ರ ಕೊನೆಯಲ್ಲಿ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಆರಂಭವಾಯಿತು. ಈ ಎಲ್ಲ ವರ್ಷಗಳಲ್ಲಿ ಬೀದರವೂ ಕದಲಲಿಲ್ಲ, ಬೆಂಗಳೂರೂ ಕದಲಲಿಲ್ಲ. 282 ನಾಟಿಕಲ್ ಮೈಲಿ 282 ಆಗಿಯೇ ಉಳಿಯಿತು. ಬದಲಾದದ್ದು ಹೊತ್ತು ಮಾತ್ರ. ಬೀದರ–ಕಲಬುರಗಿ ನಡುವಿನ 110 ಕಿ.ಮೀ. ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದಾಗಲೂ ಹೀಗೆಯೇ ಆಯಿತು. ಊರುಗಳು ಇದ್ದಲ್ಲೇ ಇದ್ದವು; ದಾರಿ ಮಾತ್ರ ಹತ್ತಿರವಾಯಿತು.

ದೂರವನ್ನು ಗೊತ್ತುಮಾಡುವುದು ಭೂಮಿ. ಹೊತ್ತನ್ನು ಗೊತ್ತುಮಾಡುವುದು ಮನುಷ್ಯ. ಹಳಿ, ರಸ್ತೆ, ಓಡುದಾರಿ, ವೇಳಾಪಟ್ಟಿ, ಒಪ್ಪಂದದ ಒಂದು ಸಾಲು, ಇವೆಲ್ಲ ಮನುಷ್ಯರು ಮಾಡಿದವು. ಭೂಮಿಯ ಮೇಲೆ ದೂರು ಹೇಳಿ ಫಲವಿಲ್ಲ. ಮನುಷ್ಯ ಮಾಡಿದ್ದನ್ನು ಲೆಕ್ಕ ಹಾಕಿ ಪ್ರಶ್ನಿಸಬಹುದು, ತಿದ್ದಬಹುದು. ಅದಕ್ಕೆ ಮೊದಲು ಲೆಕ್ಕ ಬರಬೇಕು.

ಪಾಲಕರಿಗೆ ಎರಡು ಮಾತು. ಮಕ್ಕಳ ಪರೀಕ್ಷೆ, ಸಂದರ್ಶನಗಳಿಗೆ ಹೊರಡುವಾಗ ವೇಳಾಪಟ್ಟಿಯ ಹೊತ್ತನ್ನಷ್ಟೇ ನಂಬಬೇಡಿ. ಮನೆಯಿಂದ ಮನೆಗೆ ಲೆಕ್ಕ ಹಾಕಿ, ಸಾಧ್ಯವಾದರೆ ಹಿಂದಿನ ದಿನವೇ ತಲುಪಿ. ಟಿಕೆಟ್ ತೆಗೆಯುವ ಮುನ್ನ ಆ ವಾರ ವಿಮಾನ ಯಾವ ಯಾವ ದಿನ ಇದೆಯೆಂದು ವಿಚಾರಿಸಿಕೊಳ್ಳಿ. ಈ ಲೆಕ್ಕವನ್ನು ಮಗ ಅಥವಾ ಮಗಳ ಕೈಯಿಂದಲೇ ಹಾಕಿಸಿದರೆ ಇನ್ನೂ ಒಳ್ಳೆಯದು.

ಮಾಡಿ ನೋಡಿ

ಸ್ಥೂಲವಾಗಿ ಬೀದರ ನಗರ 17 ಡಿಗ್ರಿ 55 ನಿಮಿಷ ಉತ್ತರ, 77 ಡಿಗ್ರಿ 31 ನಿಮಿಷ ಪೂರ್ವದಲ್ಲಿದೆ. ಭಾಲ್ಕಿ 18 ಡಿಗ್ರಿ 2 ನಿಮಿಷ ಉತ್ತರ, 77 ಡಿಗ್ರಿ 12 ನಿಮಿಷ ಪೂರ್ವ. ಔರಾದ 18 ಡಿಗ್ರಿ 15 ನಿಮಿಷ ಉತ್ತರ, 77 ಡಿಗ್ರಿ 25 ನಿಮಿಷ ಪೂರ್ವ. ಅಕ್ಷಾಂಶದ ಒಂದು ನಿಮಿಷಕ್ಕೆ 1.85 ಕಿ.ಮೀ., ರೇಖಾಂಶದ ಒಂದು ನಿಮಿಷಕ್ಕೆ 1.76 ಕಿ.ಮೀ. ಹಿಡಿದು ಮೂರು ಊರುಗಳ ನಡುವಿನ ನೇರ ದೂರಗಳನ್ನು ಕಂಡುಹಿಡಿಯಿರಿ. ಬೀದರ–ಭಾಲ್ಕಿ ಸುಮಾರು 36, ಭಾಲ್ಕಿ–ಔರಾದ ಸುಮಾರು 33, ಬೀದರ–ಔರಾದ ಸುಮಾರು 38 ಕಿ.ಮೀ. ಬಂದರೆ ಲೆಕ್ಕ ಸರಿ. ಮುಂದಿನ ಸಲ ಆ ಊರುಗಳಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನೂ ಕೈಗಡಿಯಾರವನ್ನೂ ನೋಡಿ ಬರೆದುಕೊಳ್ಳಿ. ನೇರ ದೂರ, ರಸ್ತೆಯ ದೂರ, ಹಿಡಿದ ಹೊತ್ತು, ಈ ಮೂರನ್ನೂ ಒಂದು ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರೆ ನಿಮ್ಮ ಊರಿನ ರಸ್ತೆ ಎಷ್ಟು ಬಳಸುತ್ತದೆ, ಬಸ್ಸು ಎಷ್ಟು ನಿಲ್ಲುತ್ತದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.